ಮೊಳೆಗೆ ನೇತುಹಾಕಿದ ಕೆಂಪು ಚೀಲ

ನಮ್ಮ ನಡುಮನೆಯಲ್ಲಿ ಗಡಿಯಾರದ ಕೆಳಗೆ ಒಂದು ಮೊಳೆ ಇದೆ. ಆ ಮೊಳೆಗೆ ಒಂದು ಕೆಂಪು ಬಟ್ಟೆಚೀಲ. ಯಾವುದೋ ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟದ್ದು. ಹುಡುಗ ಹುಡುಗಿಯ ಹೆಸರು ಎಂದೋ ಅಳಿಸಿಹೋಗಿದೆ. ಅಮ್ಮ ಅದನ್ನು ಮೊಳೆಯಿಂದ ತೆಗೆದರೆ ಸಾಕು, ನನ್ನ ತಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಚೀಲ ಇಳಿಯಿತು ಅಂದರೆ ಬಸ್ಸು. ಬಸ್ಸು ಅಂದರೆ ಆಸ್ಪತ್ರೆ, ಇಲ್ಲವೇ ಯಾವುದಾದರೂ ಕಚೇರಿ. ಅದು ಮುಗಿದ ಮೇಲೆ ಒಂದು ಮಸಾಲೆ ದೋಸೆ. ಈ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು.

ಅವನಿಗೆ ಈಗ 19 ವರ್ಷ. ಮನೆಯಲ್ಲೂ ಊರಲ್ಲೂ ಎಲ್ಲರಿಗೂ ಇನ್ನೂ ಪುಟ್ಟ. ಸರ್ಟಿಫಿಕೇಟಿನಲ್ಲಿ ಬೌದ್ಧಿಕ ಅಂಗವೈಕಲ್ಯ, 75 ಪರ್ಸೆಂಟ್ ಅಂತ ಬರೆದಿದೆ. ಜೊತೆಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತದೆ. ನಮ್ಮದು ಅರಸೀಕೆರೆ ಕಡೆಯ ಒಂದು ಹಳ್ಳಿ. ನಾನು ಕೆಲಸಕ್ಕೆ ಅಂತ ಬೆಂಗಳೂರು ಸೇರಿ ಏಳು ವರ್ಷವಾಯಿತು. ಪುಟ್ಟನ ಬಗ್ಗೆ ಯಾರಾದರೂ ಕೇಳಿದರೆ 'ಅಮ್ಮ ನೋಡಿಕೊಳ್ತಾಳೆ' ಅಂತ ಹೇಳಿ ಮಾತು ಮುಗಿಸುತ್ತಿದ್ದೆ. ಆ ಒಂದು ಮಾತಿನೊಳಗೆ ಎಷ್ಟು ಕೆಲಸ ಇದೆ ಅನ್ನುವುದು ಗೊತ್ತಾಗಿದ್ದು ಹೋದ ವರ್ಷ, ದೀಪಾವಳಿಗೆ ವಾರ ಇದ್ದಾಗ. ಬಚ್ಚಲಲ್ಲಿ ಜಾರಿ ಬಿದ್ದು ಅಮ್ಮನ ಬಲಗೈ ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಿದರು. ಎರಡು ತಿಂಗಳು ನಾನು ಊರಲ್ಲೇ ಕೂತು ಕೆಲಸ ಮಾಡಿದೆ. ಕೆಂಪು ಚೀಲ ನನ್ನ ಹೆಗಲಿಗೆ ಬಂತು.

ಮೊದಲ ದಿನ ರಾತ್ರಿ ಚೀಲವನ್ನು ಮಂಚದ ಮೇಲೆ ಸುರುವಿದೆ. ಒಂದೊಂದು ಕಾಗದವೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿತ್ತು. ನಿಮ್ಹಾನ್ಸ್‌ನ ಹಳೇ ಪುಸ್ತಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಚೀಟಿಗಳು. ಪುಟ್ಟನಿಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ಆಗ ಅಮ್ಮ ಅವನನ್ನು ಎತ್ತಿಕೊಂಡು ಅರಸೀಕೆರೆಯಿಂದ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಹೇಗೆ ಮಾತಾಡಿಸಬೇಕು ಅಂತ ಅವರು ಅಮ್ಮನಿಗೇ ಕಲಿಸಿಕೊಟ್ಟರು. ಅವತ್ತು ಕಲಿತದ್ದರಿಂದಲೇ ಇವತ್ತು ಪುಟ್ಟ 'ಅಕ್ಕಾ, ಬಸ್ಸು, ದೋಸೆ' ಅನ್ನುತ್ತಾನೆ. ಆ ಚೀಟಿಗಳಲ್ಲಿ ಅಮ್ಮ ಪೆನ್ಸಿಲ್ಲಿನಲ್ಲಿ ಬರೆದುಕೊಂಡ ಬಸ್ಸಿನ ಹೊತ್ತುಗಳಿವೆ. ರೈಲಿನ ರಿಯಾಯಿತಿ ಕಾಗದವೂ ಇತ್ತು. ಜೊತೆಗೊಬ್ಬರಿಲ್ಲದೆ ಓಡಾಡಲಾಗದ ಇಂಥವರಿಗೂ, ಜೊತೆಗೆ ಹೋಗುವ ಒಬ್ಬರಿಗೂ ಸ್ಲೀಪರ್ ದರ್ಜೆಯಲ್ಲಿ 75 ಪರ್ಸೆಂಟ್ ರಿಯಾಯಿತಿ. ಅದು ಇದೆ ಅಂತ ಅಮ್ಮನಿಗೆ ಹೇಳಿದವರು ಡಾಕ್ಟರೂ ಅಲ್ಲ, ಟಿಕೆಟ್ ಕೌಂಟರಿನವರೂ ಅಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ತಾಯಿ.

ಸರಕಾರದ ಭಾಷೆಯಲ್ಲಿ ಇದಕ್ಕೆಲ್ಲ 'ಸೇವೆಗಳ ಸಂಯೋಜನೆ' ಅಂತಾರೆ. ಅಮ್ಮ ಹೇಳುವುದು 'ಪುಟ್ಟನ ಓಡಾಟ' ಅಂತ. ನನಗೆ ಅಮ್ಮನ ಮಾತೇ ಸರಿ ಅನ್ನಿಸುತ್ತದೆ.

ಹೋದ ವರ್ಷ ಈ ಓಡಾಟ ಜಾಸ್ತಿಯಾಗಲು ಕಾರಣ, ಪುಟ್ಟನಿಗೆ 18 ತುಂಬಿದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಪುಟ್ಟ ಎಂಟನೇ ತರಗತಿಯವರೆಗೆ ಊರಿನ ಶಾಲೆಗೆ ಹೋದ. ಆಮೇಲೆ ಬಿಐಇಆರ್‌ಟಿ ಮೇಷ್ಟ್ರು, ಅಂದರೆ ಇಂಥ ಮಕ್ಕಳಿಗೆ ಕಲಿಸಲು ಶಿಕ್ಷಣ ಇಲಾಖೆ ನೇಮಿಸಿದವರು, ಮನೆಗೇ ಬಂದು ಪಾಠ ಹೇಳುತ್ತಿದ್ದರು. ಪಾಠ ಅಂದರೆ ಗುಂಡಿ ಹಾಕುವುದು, ನೋಟು ಗುರುತಿಸುವುದು, ತನ್ನ ಹೆಸರು ನೋಡಿ ಬರೆಯುವುದು. ಪುಟ್ಟ ಅವರ ಬೈಕಿನ ಸದ್ದಿಗೆ ಕಾಯುತ್ತಿದ್ದ. 18 ತುಂಬಿತು, ಹೆಸರು ಪಟ್ಟಿಯಿಂದ ಹೋಯಿತು, ಬೈಕು ಬರುವುದು ನಿಂತಿತು. ಮೇಷ್ಟ್ರದ್ದು ಏನೂ ತಪ್ಪಿಲ್ಲ. ಕೊನೇ ದಿನ ಅವರೂ ಕಣ್ಣು ಒರೆಸಿಕೊಂಡರಂತೆ. ಎಷ್ಟೋ ದಿನ ಪುಟ್ಟ ಹತ್ತು ಗಂಟೆಗೆ ಜಗಲಿ ಮೇಲೆ ಸ್ಲೇಟು ಇಟ್ಟುಕೊಂಡು ಕೂರುತ್ತಿದ್ದ ಅಂತ ಅಮ್ಮ ಹೇಳಿದಳು. ಫೋನಿನಲ್ಲಿ ಆ ಮಾತು ಕೇಳಿ ನಾನು ಆಫೀಸಿನ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟಿದ್ದೆ.

ಶಾಲೆ ಅನ್ನುವುದು ಒಂದೇ ಬಾಗಿಲು. ಆ ಬಾಗಿಲು ಮುಚ್ಚಿದ ಮೇಲೆ ಎದುರಿಗೆ ಎಂಟು ಹತ್ತು ಬಾಗಿಲು. ಮಾತ್ರೆಗೆ ಆರೋಗ್ಯ ಇಲಾಖೆ. ಮಾಸಾಶನಕ್ಕೆ ನಾಡಕಚೇರಿ. ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ವಿಕಲಚೇತನರ ಇಲಾಖೆ ಮತ್ತು ಆಸ್ಪತ್ರೆ ಎರಡೂ. ನಿರಾಮಯ ಆರೋಗ್ಯ ವಿಮೆಗೆ ಕೇಂದ್ರ ಸರಕಾರದ ರಾಷ್ಟ್ರೀಯ ನ್ಯಾಸದಲ್ಲಿ (ನ್ಯಾಷನಲ್ ಟ್ರಸ್ಟ್) ನೋಂದಾಯಿಸಿದ ಒಂದು ಸಂಸ್ಥೆ. ಪೋಷಕತ್ವಕ್ಕೆ ಡಿಸಿ ಆಫೀಸು. ಇವುಗಳ ಜೊತೆಗೆ ಬ್ಯಾಂಕು, ಆಧಾರ್ ಕೇಂದ್ರ, ಬಸ್ ಪಾಸಿನ ಕೌಂಟರು. ಒಂದೊಂದೂ ತನ್ನಷ್ಟಕ್ಕೆ ಒಳ್ಳೆಯದೇ. ನಿರಾಮಯದ ವಿಷಯವನ್ನೇ ನೋಡಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಖರ್ಚು ಕೊಡುತ್ತದೆ. ಮೊದಲೇ ಇರುವ ಕಾಯಿಲೆ ಅಂತ ತಳ್ಳಿಹಾಕುವುದಿಲ್ಲ. ಥೆರಪಿಗೂ ಹಣ ಬರುತ್ತದೆ. ಆದರೆ ವರ್ಷ ವರ್ಷ ನವೀಕರಿಸಬೇಕು. ನಮ್ಮದು ಎರಡು ವರ್ಷದಿಂದ ನಿಂತೇಹೋಗಿತ್ತು. ನೆನಪಿಸುವವರು ಯಾರೂ ಇರಲಿಲ್ಲ.

ನಾನು ಓದಿದವಳು, ಕಂಪ್ಯೂಟರ್ ಗೊತ್ತಿರುವವಳು, ಒಂದು ವಾರದಲ್ಲಿ ಎಲ್ಲ ಮುಗಿಸುತ್ತೇನೆ ಅಂದುಕೊಂಡಿದ್ದೆ. ಮೊದಲು ಬ್ಯಾಂಕಿಗೆ ಹೋದೆ. ಮಾಸಾಶನ ಬೀಳುವ ಖಾತೆ ನಿಂತಿತ್ತು. 'ಹುಡುಗನಿಗೆ 18 ಆಯ್ತು, ಸಹಿ ಬರಲ್ಲ ಅಂತೀರಿ, ಕಾನೂನು ಪ್ರಕಾರ ಪೋಷಕರು ಯಾರು?' ಅಂತ ಕೇಳಿದರು. 'ಅಮ್ಮ' ಅಂದೆ. 'ಅದು 18ರವರೆಗೆ' ಅಂದರು. ಹೆತ್ತ ತಾಯಿ ಒಂದು ಹುಟ್ಟುಹಬ್ಬಕ್ಕೆ ಪೋಷಕಿ ಅಲ್ಲದವಳಾಗುತ್ತಾಳೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಆ ಕಾಯ್ದೆ. ಸರಿ, ಅರ್ಜಿ ತುಂಬಿದೆ. ಹೊಸ ಸರ್ಟಿಫಿಕೇಟ್ ಬೇಕು ಅಂದರು. ಬೌದ್ಧಿಕ ಅಂಗವೈಕಲ್ಯದ ಸರ್ಟಿಫಿಕೇಟನ್ನು 5, 10 ಮತ್ತು 18ನೇ ವಯಸ್ಸಿಗೆ ಹೊಸದಾಗಿ ಮಾಡಿಸಬೇಕು. 18ಕ್ಕೆ ಕೊಡುವುದು ಜೀವನಪೂರ್ತಿ ನಡೆಯುತ್ತದೆ. ಅದಕ್ಕೆ ಮನಶ್ಶಾಸ್ತ್ರಜ್ಞರ ಪರೀಕ್ಷೆ ಬೇಕು. ಪರೀಕ್ಷೆಯ ದಿನಾಂಕ ಸಿಕ್ಕಿದ್ದು ಆರು ವಾರ ಮುಂದಕ್ಕೆ. ಅಷ್ಟರಲ್ಲಿ ಆನ್‌ಲೈನ್ ಅರ್ಜಿಯಾದರೂ ಹಾಕೋಣ ಅಂದರೆ ಅವನ ಆಧಾರ್ ಹಳೇದು. 15 ತುಂಬಿದಾಗ ಬೆರಳಚ್ಚು, ಕಣ್ಣು ಮತ್ತೆ ಕೊಡಬೇಕಿತ್ತು, ಕೊಟ್ಟಿರಲಿಲ್ಲ. ಪುಟ್ಟ ಆ ಮೆಷಿನ್ನಿಗೆ ಕಣ್ಣು ಕೊಡುವುದಿಲ್ಲ. ಬೆಳಕು ಬಿದ್ದ ಕೂಡಲೇ ಮುಖ ಮುಚ್ಚಿಕೊಳ್ಳುತ್ತಾನೆ.

ಮೂರು ವಾರ ವ್ಯರ್ಥವಾಯಿತು. ಒಂದು ಸಂಜೆ ಸೋತು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತೆ. ಕೈಗೆ ಬ್ಯಾಂಡೇಜು ಕಟ್ಟಿಕೊಂಡಿದ್ದ ಅಮ್ಮ ಹೇಳಿದಳು: 'ಆಧಾರ್ ಮೊದ್ಲು ಕಣೇ. ಬೆಳಿಗ್ಗೆ ಬೇಗ ಹೋಗ್ಬೇಕು, ಜನ ಇರಬಾರ್ದು. ಮೆಷಿನ್ನಿನ ಪಕ್ಕ ನೀನು ನಿಂತ್ಕೊಂಡು ಮೊಬೈಲಲ್ಲಿ ರೈಲು ತೋರ್ಸು, ಕಣ್ಣು ಬಿಡ್ತಾನೆ. ಆಮೇಲೆ ಪರೀಕ್ಷೆ, ಆಮೇಲೆ ಕಾರ್ಡು, ಆಮೇಲೆ ಡಿಸಿ ಆಫೀಸು, ಬ್ಯಾಂಕು ಕೊನೇಗೆ.'

'ಇದು ಎಲ್ಲಿ ಬರ್ದಿದೆ ಅಮ್ಮಾ?' ಅಂದೆ.

'ಎಲ್ಲಿ ಬರೀತಾರೆ? ಹೋಗಿ ಹೋಗಿ ಗೊತ್ತಾಯ್ತು.'

ಅವಳು ಹೇಳಿದ ಹಾಗೆಯೇ ಮಾಡಿದೆ. ರೈಲು ತೋರಿಸಿದೆ. ಪುಟ್ಟ ಕಣ್ಣು ಬಿಟ್ಟ.

ಒಂದು ಕೆಲಸವನ್ನು ಯಾವ ಸಾಲಿನಲ್ಲಿ ಮಾಡಬೇಕು ಅನ್ನುವುದು ಕೂಡ ಒಂದು ಸೇವೆ. ಅದನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿ ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಎಷ್ಟು ತಾಯಂದಿರ ಕೂಲಿ ದಿನ ಉಳಿಯುತ್ತದೆ! ನಮಗೆ ತೋಟ ಇದೆ, ಒಂದು ದಿನ ಹೋದರೆ ಊಟಕ್ಕೆ ತೊಂದರೆ ಇಲ್ಲ. ಪಕ್ಕದ ಕೇರಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯ ತಾಯಿ ಕೂಲಿಗೆ ಹೋಗುವವಳು. ಕಚೇರಿಗೆ ಒಂದು ಸಲ ಹೋದರೆ ಅವಳಿಗೆ ಆ ದಿನದ ಕೂಲಿಯೂ ಹೋಯಿತು, ಆಟೋ ದುಡ್ಡೂ ಹೋಯಿತು. ಮಗಳನ್ನು ಬಸ್ಸಿಗೆ ಎತ್ತಿ ಹತ್ತಿಸಲು ಈಗ ಅವಳ ಕೈಯಲ್ಲಿ ಆಗುವುದಿಲ್ಲ.

ಪರೀಕ್ಷೆಯ ದಿನದ ಬಗ್ಗೆ ಹೇಳಬೇಕು. ಆ ಮೇಡಂ ಬಹಳ ತಾಳ್ಮೆಯವರು. ಬುದ್ಧಿಮಟ್ಟ ಅಳೆಯುವ ಬಿನೆ-ಕಾಮತ್ ಪರೀಕ್ಷೆಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ ಸಿದ್ಧಪಡಿಸಿದ ಪರೀಕ್ಷೆ ಅದು, ಸುಮಾರು ತೊಂಬತ್ತು ವರ್ಷದಷ್ಟು ಹಳೆಯದು. ಅದಾದ ಮೇಲೆ ನನ್ನ ಸರದಿ. ವೈನ್‌ಲ್ಯಾಂಡ್ ಅನ್ನುವ ಇನ್ನೊಂದು ಅಳತೆಯಲ್ಲಿ ಪ್ರಶ್ನೆ ಕೇಳುವುದು ಮನೆಯವರನ್ನು. ಒಬ್ಬನೇ ಸ್ನಾನ ಮಾಡ್ತಾನಾ? ಒಬ್ಬನೇ ಅಂಗಡಿಗೆ ಹೋಗ್ತಾನಾ? ನಾನು 'ಇಲ್ಲ' ಅಂದೆ. ಸಂಶಯ ಬಂದು ಅಮ್ಮನಿಗೆ ಫೋನ್ ಮಾಡಿದೆ. 'ಹೋಗ್ತಾನಲ್ಲ! ಚೀಟಿ ಬರ್ದು ಕೊಟ್ರೆ ಶೆಟ್ಟರ ಅಂಗಡಿಗೆ ಹೋಗಿ ಸಾಮಾನು ತರ್ತಾನೆ. ಚಿಲ್ಲರೆ ಎಣಿಸೋಕ್ ಬರಲ್ಲ, ಅದಕ್ಕೆ ಶೆಟ್ಟರು ಚೀಟೀಲೆ ಬರೀತಾರೆ.' ನನ್ನ ಕೆನ್ನೆ ಬಿಸಿಯಾಯಿತು. ಒಡಹುಟ್ಟಿದ ತಮ್ಮ ಏನು ಮಾಡಬಲ್ಲ ಅನ್ನುವುದು ನನಗಿಂತ ಶೆಟ್ಟರಿಗೆ ಜಾಸ್ತಿ ಗೊತ್ತಿತ್ತು.

ಕಾಗದ ತಪ್ಪಿದರೆ ಇನ್ನೊಮ್ಮೆ ಹೋಗಬಹುದು. ಎಲ್ಲ ತಪ್ಪೂ ಹಾಗಲ್ಲ. ಡಿಸೆಂಬರಿನಲ್ಲಿ ಪುಟ್ಟನಿಗೆ ಹಲ್ಲುನೋವು ಬಂತು. ಅವನು ಬಾಯಿ ತೆಗೆದು ಕೂರುವುದಿಲ್ಲ, ಅರಿವಳಿಕೆ ಕೊಟ್ಟೇ ತೆಗೆಯಬೇಕು ಅಂದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಬನ್ನಿ ಅಂತ ಹೇಳಿದರು. ಖಾಲಿ ಹೊಟ್ಟೆ ಅಂದರೆ ಏನೂ ಕೊಡಬಾರದು ಅಂತ ನಾನು ಫಿಟ್ಸಿನ ಮಾತ್ರೆಯನ್ನೂ ಕೊಡಲಿಲ್ಲ. ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಹಲ್ಲಿನ ಆಸ್ಪತ್ರೆಯಲ್ಲೂ ಯಾರೂ ಕೇಳಲಿಲ್ಲ. ಫಿಟ್ಸಿನ ಚೀಟಿ ನನ್ನ ಹೆಗಲ ಚೀಲದಲ್ಲೇ ಇತ್ತು, ಬೇರೆ ಕವರಿನಲ್ಲಿ. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹೋಗುವಾಗ ಅವನ ಕಣ್ಣು ಒಂದು ಕಡೆಗೆ ತಿರುಗಿತು. ಎರಡು ವರ್ಷ ಎಂಟು ತಿಂಗಳು ಬಾರದೇ ಇದ್ದ ಫಿಟ್ಸ್ ಅವತ್ತು ಬಂತು. ಆಟೋದವರು ಗಾಡಿ ನಿಲ್ಲಿಸಿ, ಅವನನ್ನು ಮಗ್ಗುಲಿಗೆ ಮಲಗಿಸಲು ಕೈಕೊಟ್ಟರು. ನಾಲ್ಕು ನಿಮಿಷ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ನಾಲ್ಕು ನಿಮಿಷ ಇನ್ನೊಂದಿಲ್ಲ.

ಇಂಥ ದಿನ ಆ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಡಬಹುದಿತ್ತು ಅಂತ ಆಮೇಲೆ ಫಿಟ್ಸಿನ ಡಾಕ್ಟರು ಹೇಳಿದರು. ಹಲ್ಲು ನೋಡುವವರು ಹಲ್ಲು ನೋಡಿದರು. ತಲೆ ನೋಡುವವರು ತಲೆ ನೋಡಿದ್ದರು. ಇವೆರಡೂ ಒಬ್ಬನದೇ ಅಂತ ನೆನಪಿಟ್ಟುಕೊಳ್ಳಬೇಕಾದವಳು ನಾನಾಗಿದ್ದೆ. ಮನೆಗೆ ಬಂದಾಗ ಅಮ್ಮ ನನ್ನನ್ನು ಬೈಯಲಿಲ್ಲ. ಎಡಗೈಯಲ್ಲಿ ಅವನ ತಲೆ ಸವರುತ್ತಾ 'ನಂಗೂ ಮೊದ್ಲು ಹಿಂಗೇ ಆಗಿತ್ತು' ಅಂದಳು. ನಾನು ಆಗ ಹೈಸ್ಕೂಲಿನಲ್ಲಿದ್ದೆನಂತೆ. ನನಗೆ ಯಾರೂ ಹೇಳಿರಲಿಲ್ಲ.

ಈ ಎರಡು ತಿಂಗಳಲ್ಲಿ ನನ್ನ ಕೈ ಹಿಡಿದವರು ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಕ್ಕ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ಅಂತ ಅವರ ಹುದ್ದೆಯ ಹೆಸರು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇದ್ದಾರೆ, ಅವರ ಮೇಲೆ ತಾಲ್ಲೂಕಿಗೊಬ್ಬರು ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಈ ಅಕ್ಕನಿಗೂ ಪೋಲಿಯೋ ಬಂದು ಒಂದು ಕಾಲು ಸಣ್ಣ. ಹಿಂದಕ್ಕೆ ಎರಡು ಚಕ್ರ ಹೆಚ್ಚಿಗೆ ಕೂರಿಸಿದ ಸ್ಕೂಟರಿನಲ್ಲಿ ಊರೂರು ಸುತ್ತುತ್ತಾರೆ. ಯಾರ ಮನೆಯಲ್ಲಿ ಯಾವ ಮಗು ಇದೆ, ಯಾರ ಕಾರ್ಡು ಬಂದಿಲ್ಲ, ಯಾರ ಮಾಸಾಶನ ನಿಂತಿದೆ, ಎಲ್ಲ ಅವರ ಬಾಯಲ್ಲಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಸರಕಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ, ಅಲ್ಲೇ ಮಾತ್ರೆಯನ್ನೂ ಕೊಡುತ್ತಾರೆ ಅಂತ ಹೇಳಿದವರು ಅವರೇ. ಅಲ್ಲಿಯವರೆಗೆ ನಾವು ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟು ತರುತ್ತಿದ್ದೆವು. ನಿರಾಮಯವನ್ನು ಮತ್ತೆ ಶುರು ಮಾಡಿಸಿದ್ದೂ ಅವರೇ. ಡಿಸಿ ಆಫೀಸಿಗೆ ನಮ್ಮ ಜೊತೆ ಬಂದರು. ಆವತ್ತು ಅವರಿಗೆ ಬಸ್ ಚಾರ್ಜು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಇಷ್ಟೆಲ್ಲ ಮಾಡುವ ಅವರಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ಇದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಷ್ಟೂ ಇಲಾಖೆಗಳ ಕೊಂಡಿ ಅವರೊಬ್ಬರು. ಅವರನ್ನು ಕಾಯಂ ಮಾಡಿ, ತರಬೇತಿ ಕೊಟ್ಟು, ಬೇರೆ ಬೇರೆ ಸರ್ವೆಗಳಿಗೆ ಎಳೆಯದೆ, ಇಷ್ಟು ಮನೆ ನಿಮ್ಮ ಜವಾಬ್ದಾರಿ ಅಂತ ಒಪ್ಪಿಸಿದರೆ ಹೊಸ ಯೋಜನೆಯೇ ಬೇಕಾಗಿಲ್ಲ. ಇರುವುದೇ ಮನೆ ಬಾಗಿಲಿಗೆ ಬರುತ್ತದೆ.

ಇನ್ನೂ ಒಂದು ಕೊರತೆ ಇದೆ. ಪುಟ್ಟ ಹಗಲು ಹೊತ್ತು ಎಲ್ಲಿರಬೇಕು? ದಕ್ಷಿಣ ಕನ್ನಡದಲ್ಲಿ ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಕುಟುಂಬಗಳು ಹೋರಾಟ ಮಾಡಿದ ಮೇಲೆ ಕೊಕ್ಕಡದಲ್ಲಿ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಮಕ್ಕಳನ್ನು, ದೊಡ್ಡವರಾದ ಮಕ್ಕಳನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಮನೆಗೆ ಬಿಡುವ ಜಾಗ. ಅಲ್ಲಿನ ತಾಯಂದಿರು ಎಷ್ಟು ಅನುಭವಿಸಿದ ಮೇಲೆ ಅದು ಸಿಕ್ಕಿತು ಅನ್ನುವುದನ್ನು ನೆನೆದರೆ ಸಂಕಟವಾಗುತ್ತದೆ. ಆದರೆ ಅಂಥ ಜಾಗ ಪ್ರತಿ ತಾಲ್ಲೂಕಿಗೂ ಬೇಕು. ವಿಷ ಬಿದ್ದ ಊರಿಗೆ ಮಾತ್ರ ಅಲ್ಲ. ತಂದೆತಾಯಿ ಹೋದ ಮೇಲೆ ಇರಲು ಘರೌಂದಾ ಅನ್ನುವ ಯೋಜನೆ ರಾಷ್ಟ್ರೀಯ ನ್ಯಾಸದಲ್ಲಿದೆ. ಅಮ್ಮ ಆ ಮಾತು ಎತ್ತಿದರೆ ನಾನು ಬೇರೆ ಮಾತು ತೆಗೆಯುತ್ತೇನೆ. ಅದು ತಪ್ಪು ಅಂತ ಗೊತ್ತು. ಈ ವರ್ಷ ಕೂತು ಮಾತಾಡಬೇಕು.

ಪೋಷಕತ್ವದ ಬಗ್ಗೆಯೂ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಅವನ ಪರವಾಗಿ ನಾವು ಸಹಿ ಹಾಕುವುದು ಅಂದರೆ ಅವನ ಮಾತನ್ನು ಕಿತ್ತುಕೊಂಡಂತೆ ಅಲ್ವಾ? 2016ರ ಕಾಯ್ದೆ ಹೇಳುವುದು ಸೀಮಿತ ಪೋಷಕತ್ವ. ಪೋಷಕರು ಮತ್ತು ಆ ವ್ಯಕ್ತಿ ಇಬ್ಬರೂ ಸೇರಿ ತೀರ್ಮಾನ ಮಾಡಬೇಕು ಅನ್ನುತ್ತದೆ ಅದು. ಸಮಿತಿಯಲ್ಲಿ ಜಿಲ್ಲಾಡಳಿತದ ಅಧಿಕಾರಿಯ ಜೊತೆ ಒಂದು ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನರು ಇರಬೇಕು ಅನ್ನುವ ನಿಯಮ ನನಗೆ ಹಿಡಿಸಿತು. ನಮ್ಮ ಸರದಿ ಬಂದಾಗ ಅವರಲ್ಲೊಬ್ಬರು ನನ್ನನ್ನು ಬಿಟ್ಟು ನೇರ ಪುಟ್ಟನನ್ನೇ ಕೇಳಿದರು: 'ನಿಮ್ಮ ದುಡ್ಡು ಯಾರ ಹತ್ರ ಇರ್ಲಿ?' ಅವನನ್ನು 'ನೀವು' ಅಂದದ್ದು ನಾನು ಕೇಳಿದ್ದು ಅದೇ ಮೊದಲು. ಪುಟ್ಟ ನೆಟ್ಟಗೆ ಕೂತ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕೆಂಪು ಚೀಲ ಮುಟ್ಟಿ ತೋರಿಸಿದ. ಆಮೇಲೆ ಅಮ್ಮನ ಕಡೆ ನೋಡಿದ.

ಜನವರಿಯಲ್ಲಿ ಬೆಂಗಳೂರಿಗೆ ಹೊರಡುವ ಮುಂಚೆ ಒಂದು ಕೆಲಸ ಮಾಡಿದೆ. ಇನ್ನೂರು ಪುಟದ ನೋಟ್‌ಬುಕ್ ತಂದು ಅಮ್ಮನನ್ನು ಕೂರಿಸಿಕೊಂಡು ಬರೆದೆ. ಹಿಂದಿನ ಪುಟಗಳಲ್ಲಿ ಕಾಗದ, ದಿನಾಂಕ, ಫೋನ್ ನಂಬರು. ಮೊದಲ ಪುಟದಲ್ಲಿ ಅವನು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ, ಯಾರು ಖಾಲಿ ಹೊಟ್ಟೆ ಅಂದರೂ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಹೊಟ್ಟೆ ನೋವಾದರೆ ಹೇಳುವುದಿಲ್ಲ, ಮೂಲೆಯಲ್ಲಿ ಕೂತು ಅಂಗಿಯ ಕಾಲರು ಕಚ್ಚುತ್ತಾನೆ. ಪಟಾಕಿ ಸದ್ದು ಆಗುವುದಿಲ್ಲ. 'ಆಮೇಲೆ' ಅಂದರೆ ಅರ್ಥವಾಗುವುದಿಲ್ಲ, 'ಊಟ ಆದ್ಮೇಲೆ' ಅನ್ನಬೇಕು. ಅಮ್ಮ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಹನ್ನೊಂದು ಗಂಟೆ ರಾತ್ರಿಯಾಯಿತು. ಇಷ್ಟು ವರ್ಷ ಇದನ್ನೆಲ್ಲ ಅವಳು ಒಬ್ಬಳೇ ಹೊತ್ತುಕೊಂಡಿದ್ದಳು.

ಅಪ್ಪ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವರು ಇದುವರೆಗೆ ಒಂದು ಸಲವೂ ಪುಟ್ಟನ ಜೊತೆ ಆಸ್ಪತ್ರೆಗೆ ಹೋದವರಲ್ಲ. ತೋಟ, ಕೊಬ್ಬರಿ, ತಿಪಟೂರು ಮಾರ್ಕೆಟ್ಟು ಅವರ ಪಾಲು, ಇದು ಅಮ್ಮನ ಪಾಲು ಅಂತಲೇ ನಡೆದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮೊದಲ ಪುಟದ ಕೊನೆಯಲ್ಲಿ ಅವರ ಓರೆ ಅಕ್ಷರದಲ್ಲಿ ಒಂದು ಸಾಲು ಇತ್ತು: 'ಕಾಯಿ ಅಲ್ಲಾಡಿಸಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತಾನೆ. ತಪ್ಪಾಗುವುದಿಲ್ಲ.'

ನನಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿ ಉಂಡೆ ಕೊಬ್ಬರಿ ಮಾಡುತ್ತಾರೆ. ಒಳಗೆ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಅಲ್ಲಾಡಿಸಿದಾಗ ಗಡಗಡ ಅನ್ನುತ್ತದೆ. ನೀರು ಉಳಿದಿದ್ದರೆ ಸದ್ದು ಬೇರೆ. ಸುಲಿಯುವ ದಿನ ಅಪ್ಪ ಅವನನ್ನು ಅಟ್ಟಕ್ಕೆ ಕರೆದೊಯ್ಯುತ್ತಾರಂತೆ. ಅವನು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಎರಡು ಗುಡ್ಡೆ ಮಾಡುತ್ತಾನಂತೆ. ಮೂರು ವರ್ಷದಿಂದ ಹೀಗೇ ನಡೆಯುತ್ತಿದೆ. 'ಯಾರೂ ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ' ಅಂದರು ಅಪ್ಪ.

ಈ ಮಂಗಳವಾರ ಮಾತ್ರೆ ತರುವ ದಿನ. ಅಮ್ಮನ ಕೈ ಇನ್ನೂ ಪೂರ್ತಿ ಮಡಚುವುದಿಲ್ಲ, ನನಗೆ ರಜೆ ಇಲ್ಲ. ಅಪ್ಪ ಹೋಗುತ್ತಾರೆ. ನಿನ್ನೆ ಫೋನ್ ಮಾಡಿ ಮನೋವೈದ್ಯರು ಯಾವ ರೂಮಿನಲ್ಲಿ ಕೂರುತ್ತಾರೆ ಅಂತ ಕೇಳಿಕೊಂಡರು. ಇಡುವ ಮುಂಚೆ ಇನ್ನೊಂದು ಕೇಳಿದರು, ದೋಸೆ ಯಾವ ಹೋಟೆಲಿನಲ್ಲಿ ಕೊಡಿಸಬೇಕು ಅಂತ. ನೋಟ್‌ಬುಕ್ಕಿನ ಎರಡನೇ ಪುಟ ನೋಡಿ ಅಪ್ಪಾ, ಅಂದೆ.